ಆರು ಗಂಟೆಯ ಬ್ಯಾಚು

ಸ್ಟೇರಿಂಗು ಮುಟ್ಟಿದರೆ ಕೈ ಕಚ್ಚುವ ಚಳಿ.
ಸಾಲಗಾಮೆ ರಸ್ತೆಯಲ್ಲಿ ಹಾಲಿನ ಕ್ಯಾನುಗಳು, ನಾನು,
ಎರಡು ಸಾವಿರದ ಒಂದನೇ ಇಸವಿಯ ಜೆನ್ನು,
ನೆತ್ತಿಯ ಮೇಲೆ ಕೆಂಪು 'ಎಲ್' ಹಲಗೆ.
ಆರು ಗಂಟೆಯ ಬ್ಯಾಚು ಹೆಂಗಸರದು,
ಮಕ್ಕಳ ಡಬ್ಬಿ ಕಟ್ಟುವ ಮುಂಚಿನ ಮುಕ್ಕಾಲು ಗಂಟೆ.

ನಿಂತಲ್ಲೇ ನಡುಗುತ್ತಿತ್ತು ಗಾಡಿ,
ಜ್ವರ ಬಂದ ಕರುವಿನ ಹಾಗೆ.
ಫಸ್ಟ್ ಗೇರಿಗೆ ಹಾಕಿ ಎಕ್ಸಲೇಟರ್ ಒತ್ತಿದರೆ
ಒಂದು ಕ್ಷಣ ಯೋಚಿಸುತ್ತಿತ್ತು
ಹೋಗಲೋ ಬೇಡವೋ ಎಂದು,
ಆಮೇಲೆ ಮುಗ್ಗರಿಸಿ ಆಫ್.
"ಕ್ಲಚ್ಚು ಅಮ್ಮಾ, ಕ್ಲಚ್ಚು! ಅದು ಕಾಲೋ ಒನಕೆಯೋ?"
ಇದು ನಾನು.
ಹದಿನೇಳು ವರ್ಷದಿಂದ ಎಡಗಡೆ ಸೀಟಿನಲ್ಲಿ ಕೂತವನು.

ಮಧ್ಯಾಹ್ನದ ಬ್ಯಾಚು ಕಾಲೇಜು ಹುಡುಗರದು.
ಅದೇ ಗಾಡಿ ಅವರ ಕೈಗೆ ಬೆಣ್ಣೆ.
"ಅವರನ್ನ ನೋಡಿ ಕಲೀರಿ" ಎಂದದ್ದೂ ಉಂಟು.

ಮಿಷನ್ ಆಸ್ಪತ್ರೆಯ ನರ್ಸು, ಗ್ಲಾಡಿಸ್ ಸುಗುಣ,
ರಾತ್ರಿ ಪಾಳಿ ಮುಗಿಸಿ ನೇರ ಬರುವವಳು,
ಒಂದು ದಿನ ಕೀ ತಿರುಗಿಸಿ, ತಲೆ ವಾರೆ ಮಾಡಿ ಹೇಳಿದಳು:
"ಸರ್, ಇದಕ್ಕೆ ಉಬ್ಬಸ."
ನಾನು ನಕ್ಕೆ.
ಹಿಂದಿನ ಸೀಟಿನವರೂ, ಪಾಪ, ನನಗೋಸ್ಕರ ನಕ್ಕರು.
ಹನ್ನೆರಡನೇ ದಿನ ಅವಳು ಬರಲಿಲ್ಲ.

ಅಷ್ಟರಲ್ಲಿ ಪ್ಲಗ್ಗು ನಾಲ್ಕೂ ಹೊಸದು,
ಪೆಟ್ರೋಲ್ ಫಿಲ್ಟರು ಹೊಸದು.
ಬಂಕಿನವನನ್ನು ಬೈದು ಬಂಕು ಬದಲಿಸಿದೆ.
ಇಂಜೆಕ್ಟರು ತೊಳೆಸಿದೆ, ಥ್ರಾಟಲ್ ಬಾಡಿಯ ಮಸಿ ಒರೆಸಿದೆ,
ಯಾರೋ ಹೇಳಿದರೆಂದು ಒಂದು ಸೆನ್ಸರೂ.
ಏಳು ಸಾವಿರದ ನಾನೂರು.
ಚೆಕ್ ಇಂಜಿನ್ ದೀಪ ಒಮ್ಮೆಯೂ ಕಣ್ಣು ಬಿಡಲಿಲ್ಲ.
ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ಗಾಡಿ ಬಿಸಿ;
ಬಿಸಿಯಾದರೆ ಅದರಷ್ಟು ಸಭ್ಯರಿಲ್ಲ.

ಪೆನ್ಷನ್ ಮೊಹಲ್ಲಾದ ಕಾಳಾಚಾರಿ ಮಾತ್ರ ಅಂದ:
"ರಾತ್ರಿ ಇಲ್ಲೇ ಬಿಟ್ಟು ಹೋಗು.
ತಣ್ಣಗೆ ಮಲಗಿದ್ದನ್ನ ನಾನೇ ಎಬ್ಬಿಸ್ತೀನಿ."
ಅವನಜ್ಜ ಅಕ್ಕಸಾಲಿ,
ಊದುಗೊಳವೆಯಲ್ಲಿ ಉಸಿರು ಅಳೆದು ಚಿನ್ನ ಕರಗಿಸಿದವನು.
ಇವನ ಕೈಯಲ್ಲಿ ಒಂದು ಮೊಳ ನೀರಿನ ಪೈಪು:
ಒಂದು ತುದಿ ಕಿವಿಗೆ,
ಇನ್ನೊಂದು ಇಂಜಿನ್ನಿನ ಸಂದಿಗೊಂದಿಗೆ.
ಪ್ಲಗ್ ವೈರು ಒಂದೊಂದೇ ಕಿತ್ತು ಸಿಕ್ಕಿಸಿದ.
ಕಿತ್ತಾಗಲೆಲ್ಲ ಇಂಜಿನ್ನು ಇನ್ನಷ್ಟು ಕುಂಟಿತು.
"ನಾಲ್ವರೂ ದುಡೀತಿದಾರೆ ಕಣಯ್ಯ. ತಪ್ಪು ಇವರದ್ದಲ್ಲ."
ನನಗೆ ಅಲ್ಲೇ ಸ್ವಲ್ಪ ಚುಚ್ಚಿತು.

ಆಮೇಲೆ ಸ್ಪ್ರೇ, ಮ್ಯಾನಿಫೋಲ್ಡಿನ ಸುತ್ತ,
ತೀರ್ಥ ಚಿಮುಕಿಸಿದಷ್ಟು.
ಇಲ್ಲಿ ಏನಿಲ್ಲ. ಇಲ್ಲೂ ಏನಿಲ್ಲ.
ಹಿಂದುಗಡೆ, ಕೈಯೂ ಕಣ್ಣೂ ಹೋಗದ ಕಡೆ,
ಇಂಜಿನ್ನು ಒಮ್ಮೆಲೇ ದನಿ ಎತ್ತಿತು.
ಬೆರಳುದ್ದದ ರಬ್ಬರ್ ಪೈಪು, ಬಾಗಿನಲ್ಲಿ ಉಗುರಿನಷ್ಟು ಸೀಳು.
ಚಳಿಗೆ ಸೆಟೆದಾಗ ಬಾಯಿ ಬಿಡುತ್ತದೆ,
ಗೇರಿಗೆ ಬಿದ್ದು ಇಂಜಿನ್ನು ವಾಲಿದಾಗ ಇನ್ನಷ್ಟು;
ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ
ಪೆಟ್ರೋಲಿನ ಪಾಲು ಸಾಲದೆ ಹೋಗುತ್ತದೆ.
ಹೊತ್ತೇರಿ ಮೆತ್ತಗಾದರೆ ತುಟಿ ಮುಚ್ಚಿ
ಏನೂ ಆಗದ ಹಾಗೆ.

ಪೈಪಿಗೆ ಎಂಬತ್ತು ರೂಪಾಯಿ.
ಕೂಲಿ ಎಷ್ಟೆಂದರೆ ಟೀ ಕುಡಿಸು ಎಂದ.
ನನ್ನ ಟೀ ಹಾಗೇ ಆರಿತು.

ಮನೆಗೆ ಬಂದು ಹಾಜರಿ ಪುಸ್ತಕ ತೆರೆದೆ.
ಆರು ಗಂಟೆಯ ಪುಟಗಳಲ್ಲಿ ನನ್ನದೇ ಕೈಬರಹ:
ಪಂಕಜಾಕ್ಷಿ, ಭಯ ಜಾಸ್ತಿ.
ಹಾಲಮ್ಮ, ಕಾಲಿಗೆ ಹಿಡಿತ ಇಲ್ಲ.
ನೂರ್ ಅಫ್ಶಾನ್, ಇನ್ನೂ ಹತ್ತು ಕ್ಲಾಸು ಬೇಕು.
(ಹತ್ತಕ್ಕೂ ದುಡ್ಡು ಕೊಟ್ಟಿದ್ದಳು.)
ಗ್ಲಾಡಿಸ್, ಬಾಯಿ ಹೆಚ್ಚು.
ಸೀಳು ಯಾವತ್ತು ಬಿಟ್ಟಿತೋ ಕಾಳಾಚಾರಿಗೂ ಗೊತ್ತಿಲ್ಲ.
ಎಷ್ಟು ಪುಟ ಹಿಂದಕ್ಕೆ ಹೋಗಬೇಕೋ ನನಗೂ.

ಫೋನು ಮಾಡಿದೆ.
"ಸ್ಕೂಟರ್ ತಗೊಂಡೆ ಸರ್" ಎಂದಳು.
ಅವಳ ಹಿಂದೆ ಯಾರೋ ಕೆಮ್ಮುತ್ತಿದ್ದರು.
"ಒಂಬತ್ತು ಕ್ಲಾಸು ಬಾಕಿ ಇದೆ" ಎಂದೆ, ಪೈಪಿನ ವಿಷಯ ಹೇಳಿದೆ.
ಮುಂದಿನ ಮಾತಿಗೆ ಬಾಯಿ ತೆರೆದು
ಒಂದು ಕ್ಷಣ ತಡವರಿಸಿ
ಆಫ್ ಆದೆ.

ಅವಳು ಕಾದಳು.
"ಸರಿ. ಆರಕ್ಕೆ ಬರ್ತೀನಿ.
ಸ್ಟಾರ್ಟು ನೀವು ಮಾಡಿ ಸರ್.
ನಾನು ಹೊರಗೆ ನಿಂತು ಕೇಳ್ತೀನಿ."